ಮುಖಕ್ಕೂ ರಜ ಕೊಡಿ ಅಂದಾಗ

ಬಂದ ಗಿರಾಕಿಗೆ ನಾನು "ಬೇಡ" ಅಂದಾಗಲೆಲ್ಲ ಏನಾದರೊಂದು ನಡೆದೇ ತೀರುತ್ತದೆ. ಯಾಕೆ ಹೀಗೆ ಅಂತ ಯೋಚಿಸುವುದನ್ನು ಬಿಟ್ಟು ಬಹಳ ಕಾಲವಾಯಿತು.

ಶಿವಮೊಗ್ಗದ ಹೊಸಮನೆಯಲ್ಲಿ, ನಮ್ಮ ಮನೆಯ ಮುಂದಿನ ಕೋಣೆಗೆ ಎರಡು ಕುರ್ಚಿ, ಒಂದು ದೊಡ್ಡ ಕನ್ನಡಿ ಹಾಕಿ ನಾನು ಬ್ಯೂಟಿ ಪಾರ್ಲರ್ ಶುರು ಮಾಡಿದ್ದು ತೊಂಬತ್ತರ ದಶಕದಲ್ಲಿ. ಆಗ ಹುಬ್ಬು ತಿದ್ದಿಸಿಕೊಳ್ಳಲೂ ಹೆಂಗಸರು ಅತ್ತಿತ್ತ ನೋಡಿ ಒಳಗೆ ಬರುತ್ತಿದ್ದರು. ಹತ್ತು ವರ್ಷ ಕಳೆಯುವುದರೊಳಗೆ ಕಾಲ ತಿರುಗಿತು. ವಯಸ್ಸು ಹಿಂದಕ್ಕೆ ತಳ್ಳುವ ಕ್ರೀಮು, ಚರ್ಮ ಸುಲಿಯುವ ಪೀಲಿಂಗು, ಮನೆಯಲ್ಲೇ ಇಟ್ಟುಕೊಳ್ಳುವ ಬಗೆಬಗೆಯ ಮೆಷಿನ್ನು. ನಲವತ್ತು ದಾಟಿದವರಿಗೆಲ್ಲ ಎಲ್ಲವೂ ಬೇಕು, ದಿನಾ ಬೇಕು. ನಾನು ಮಾತ್ರ ಸಾಕು, ಜಾಸ್ತಿಯಾಯ್ತು, ಮನೆಗೆ ಹೋಗಿ ಅನ್ನುತ್ತಿದ್ದೆ. ನನ್ನ ಕೈಯಲ್ಲಿ ಒಬ್ಬರ ಮುಖವೂ ಕೆಟ್ಟಿಲ್ಲ. ಈ ಮಾತನ್ನು ನಾನು ಎದೆಯುಬ್ಬಿಸಿಯೇ ಹೇಳುತ್ತೇನೆ.

ನಮ್ಮ ಯಜಮಾನರು ಒಂದು ದಿನ ಕೇಳಿದರು, "ಬಂದವರನ್ನೆಲ್ಲ ವಾಪಸ್ ಕಳಿಸೋಕೆ ಬೋರ್ಡ್ ಯಾಕೆ ಹಾಕಿದ್ದೀಯ ಮಾರಾಯ್ತಿ? ಬಾಗಿಲು ಹಾಕಿದ್ರೆ ಸಾಕಲ್ಲ."

ಹಬೆ

ಪ್ರೈಮರಿ ಶಾಲೆಯ ಟೀಚರೊಬ್ಬರು ಯಾವುದೋ ವಸ್ತುಪ್ರದರ್ಶನದಲ್ಲಿ ಮುಖಕ್ಕೆ ಹಬೆ ಹಿಡಿಯುವ ಮೆಷಿನ್ ಕೊಂಡರು. ವಾರಕ್ಕೊಮ್ಮೆ ಐದು ನಿಮಿಷ ಅಂತ ಡಬ್ಬದ ಮೇಲೇ ಬರೆದಿತ್ತು. ಇವರು ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಹಿಡಿದರು. ಮೂರನೇ ವಾರ ನನ್ನ ಹತ್ತಿರ ಬಂದಾಗ ಮುಖ ಕೆಂಪಗೆ ಬೆಂದಿತ್ತು, ಮೂಗಿನ ಪಕ್ಕ ಸಿಪ್ಪೆ ಏಳುತ್ತಿತ್ತು. ಒಂದನೇ ಕ್ಲಾಸಿನ ಮಕ್ಕಳು "ಮಿಸ್, ನಿಮಗೆ ಯಾರು ಹೊಡೆದ್ರು?" ಅಂತ ಕೇಳಿದವಂತೆ.

"ಇದಕ್ಕೊಂದು ಒಳ್ಳೆ ಫೇಶಿಯಲ್ ಮಾಡಿ" ಅಂದರು.

"ಏನೂ ಮಾಡಲ್ಲ. ಒಂದು ತಿಂಗಳು ತಣ್ಣೀರು ಬಿಟ್ರೆ ಬೇರೇನೂ ಮುಖಕ್ಕೆ ತಾಗಿಸಬೇಡಿ. ಆ ಮೆಷಿನ್ ಕಣ್ಣಿಗೆ ಕಾಣದ ಹಾಗೆ ಇಡಿ" ಅಂದೆ. ಮುನಿಸಿಕೊಂಡೇ ಹೋದರು.

ತಿಂಗಳ ಮೇಲೆ ಬಂದರು. ಮುಖ ಮೊದಲಿನ ಹಾಗೆ ತಿಳಿಯಾಗಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ ಕೂರಿಸಿ ಕಾಫಿ ಕೊಟ್ಟೆ.

"ಮೆಷಿನ್ ಎಲ್ಲಿಟ್ರಿ?"

"ನಮ್ಮತ್ತೆ ತಗೊಂಡ್ರು, ನೆಗಡಿಗೆ ಬೇಕು ಅಂತ. ಅವರು ವಾರಕ್ಕೊಂದ್ಸಲ ಐದೇ ನಿಮಿಷ ಹಿಡೀತಾರೆ." ಅವರ ಮುಖ ಸಣ್ಣಗಾಯಿತು. "ಮೊನ್ನೆ ಪಕ್ಕದ ಮನೆಯವರು ಬಂದು, ನಿಮ್ಮತ್ತೆ ಮುಖಕ್ಕೆ ಏನು ಹಚ್ತಾರೆ ಅಂತ ನನ್ನನ್ನೇ ಕೇಳಿದ್ರು."

ತಿಂಗಳಿಗೆ ಒಂದೇ

ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಒಬ್ಬ ಮಹಿಳೆ ನನ್ನ ಖಾಯಂ ಗಿರಾಕಿ. ವಾರವಾರ ಫೇಶಿಯಲ್ ಬೇಕು ಅಂದಾಗ, "ತಿಂಗಳಿಗೆ ಒಂದೇ. ಅದಕ್ಕಿಂತ ಜಾಸ್ತಿ ಉಜ್ಜಿದ್ರೆ ಚರ್ಮ ತೆಳ್ಳಗಾಗುತ್ತೆ" ಅಂದಿದ್ದೆ. ತಕರಾರಿಲ್ಲದೆ ಒಪ್ಪಿದ್ದರು. ಎಷ್ಟು ಮಾತು ಕೇಳುವ ಹೆಂಗಸು ಅಂತ ನನಗೆ ಅಭಿಮಾನ. ಆದರೂ ಅವರ ಕೆನ್ನೆ ಯಾಕೋ ಉರಿಯುತ್ತಲೇ ಇತ್ತು.

ಭದ್ರಾವತಿಯಲ್ಲಿ ಒಂದು ದೊಡ್ಡ ಮದುವೆ. ಹೆಣ್ಣಿನ ಕಡೆಯವರನ್ನೆಲ್ಲ ಸಿಂಗರಿಸಲು ಶಿವಮೊಗ್ಗದಿಂದ ಮೂವರು ಪಾರ್ಲರಿನವರು ಹೋಗಿದ್ದೆವು. ಕೆಲಸ ಮುಗಿಸಿ ಊಟಕ್ಕೆ ಕೂತಾಗ ನಾನು ಈ ಅಧಿಕಾರಿಯನ್ನು ಹೊಗಳಿದೆ.

"ನನಗೂ ಹಾಗೇ ಒಬ್ಬರಿದ್ದಾರೆ. ತಿಂಗಳ ಎರಡನೇ ವಾರ ತಪ್ಪಿಸಲ್ಲ" ಅಂದಳು ಪಕ್ಕದವಳು.

"ನನ್ನ ಹತ್ರ ಮೂರನೇ ವಾರ ಬರ್ತಾರೆ" ಅಂದಳು ಆಚೆಯವಳು.

"ಬ್ಯಾಂಕಿನವರಾ?"

"ಹೌದು."

"ಬಲಗೆನ್ನೆ ಮೇಲೆ ಮಚ್ಚೆ?"

ಮೂವರೂ ಪಾಯಸ ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿದೆವು. ಇನ್ನು ಮೂರು ತಿಂಗಳು ಯಾರೂ ಅವರ ಮುಖ ಮುಟ್ಟಕೂಡದು ಅಂತ ಅಲ್ಲೇ ತೀರ್ಮಾನವಾಯಿತು. ಒಬ್ಬರ ಗಿರಾಕಿಯನ್ನು ಒಬ್ಬರು ಕಿತ್ತುಕೊಳ್ಳುವ ಈ ಕಸುಬಿನಲ್ಲಿ ಮೂವರೂ ಮಾತಿಗೆ ತಪ್ಪಲಿಲ್ಲ. ಅವರ ಕೆನ್ನೆಯ ಉರಿ ಹೋಯಿತು.

ಆದರೆ ಆ ಮದುವೆಯಾದ ಮೇಲೆ ಅವರು ಬಂದ ಮೊದಲ ದಿನ, ಮೂರು ಕಡೆ ಹೋಗೋದು ಯಾಕೆ ಅಂತ ನಾನು ಕೇಳಿದಾಗ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತು ಹೇಳಿದ್ದು ಹೀಗೆ: "ತಿಂಗಳಿಗೆ ಒಂದೇ ಅಂದ್ರಿ. ಯಾರ ಹತ್ರಾನೂ ಎರಡನೇದು ಮಾಡಿಸ್ಕೊಂಡಿಲ್ಲ ನಾನು."

ಅರವತ್ತರ ಶಾಂತಿ

ಹೊಳೆಹೊನ್ನೂರಿನ ಜಮೀನುದಾರರ ಹೆಂಡತಿಯನ್ನು ಸೊಸೆ ಕರಕೊಂಡು ಬಂದಿದ್ದಳು. ಮುಂದಿನ ವಾರ ಯಜಮಾನರ ಅರವತ್ತರ ಶಾಂತಿ. ದಂಪತಿಗಳನ್ನು ಹಸೆಮಣೆ ಮೇಲೆ ಕೂರಿಸುತ್ತಾರೆ. ಸೊಸೆಯ ಕೈಯಲ್ಲೊಂದು ಪಟ್ಟಿ: ಬ್ಲೀಚು, ಪೀಲಿಂಗು, ಸುಕ್ಕಿಗೆ ಕರೆಂಟಿನ ಮಸಾಜು.

ನಾನು ಆ ಅಮ್ಮನ ಮುಖ ಹಿಡಿದು ನೋಡಿದೆ. ಬಿಸಿಲು ಕಂಡ, ನಕ್ಕು ನಕ್ಕು ಗೆರೆ ಬಿದ್ದ ಗಟ್ಟಿ ಚರ್ಮ. "ಇದಕ್ಕೇನೂ ಬೇಡಮ್ಮ. ತಲೆ ಬಾಚಿ, ಚೆನ್ನಾಗಿ ಹೂ ಮುಡಿಸಿ ಕಳಿಸ್ತೀನಿ" ಅಂದೆ.

ಸೊಸೆ ಒಪ್ಪಲಿಲ್ಲ. "ಇಪ್ಪತ್ತು ವರ್ಷ ಚಿಕ್ಕವರಾಗಿ ಕಾಣ್ತೀರಿ ಅತ್ತೆ."

ಅತ್ತೆ ಕನ್ನಡಿಯಲ್ಲಿ ಒಂದು ಸಲ ನೋಡಿಕೊಂಡು ಎದ್ದುಬಿಟ್ಟರು. "ಅವರಿಗೆ ಅರವತ್ತು. ನಾನು ಚಿಕ್ಕವಳಾಗಿ ಪಕ್ಕದಲ್ಲಿ ಕೂತ್ರೆ, ಬಂದವರು ಎರಡನೇ ಸಂಬಂಧ ಅಂದ್ಕೋತಾರೆ ಕಣೆ."

ಗದ್ದದ ಬೆಲ್ಟು

ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದವರೊಬ್ಬರನ್ನು ಅವರ ಹೆಂಡತಿ ನನ್ನ ಹತ್ತಿರ ಎಳಕೊಂಡು ಬಂದರು. ಹೆಂಗಸರ ಪಾರ್ಲರ್ ಅಂತ ಅವರು ಒಳಗೆ ಬರದೆ ಜಗುಲಿಯಲ್ಲೇ ಕೂತರು. ಗದ್ದದ ಕೆಳಗೆ ನೀಲಿಗಟ್ಟಿತ್ತು, ದವಡೆ ಊದಿತ್ತು.

ಹೆಂಡತಿ ಕಥೆ ಹೇಳಿದರು. ದುಬೈಯಲ್ಲಿದ್ದ ಭಾವಮೈದ ಒಂದು ಬೆಲ್ಟು ತಂದುಕೊಟ್ಟಿದ್ದನಂತೆ. ಗದ್ದಕ್ಕೆ ಕಟ್ಟಿ ಸ್ವಿಚ್ ಹಾಕಿದರೆ ಗಡಗಡ ಅಲುಗುತ್ತದೆ, ಜೋತುಬಿದ್ದ ಗದ್ದ ಬಿಗಿಯಾಗುತ್ತದೆ. ಮಗಳ ಮದುವೆ ಮಾತುಕತೆ ನಡೆದಿತ್ತು. ಬೀಗರ ಎದುರು ಮುದುಕನಾಗಿ ಕಾಣಬಾರದು ಅಂತ ಇವರ ಹಟ. ಹತ್ತು ನಿಮಿಷದ ಬದಲು ದಿನಾ ಒಂದು ಗಂಟೆ ಕಟ್ಟಿಕೊಂಡು ಕೂರುತ್ತಿದ್ದರು.

ಹಾಗೆ ಕೂತಿದ್ದಾಗಲೇ ತರೀಕೆರೆಯಿಂದ ಹುಡುಗನ ತಂದೆಯ ಫೋನ್ ಬಂತು. ಹೆಂಡತಿ ಹಿತ್ತಲಲ್ಲಿದ್ದರು. ಇವರು ಒಂದು ಕೈಯಲ್ಲಿ ಫೋನೆತ್ತಿ, ಇನ್ನೊಂದು ಕೈಯಲ್ಲಿ ತಲೆಯ ಹಿಂದಿದ್ದ ಗುಂಡಿ ಒತ್ತಿದರು. ಬೆಲ್ಟು ನಿಲ್ಲುವ ಬದಲು ಇನ್ನೂ ಜೋರಾಯಿತು.

"ನ-ನ-ನಮಸ್ಕಾರ ಸ-ಸ-ಸಾರ್."

ಆ ಕಡೆಯಿಂದ, "ಯಾಕೆ ಸಾರ್, ಅಳ್ತಾ ಇದ್ದೀರಾ?"

"ಅ-ಅಳು ಅಲ್ಲ ಸಾರ್. ಮೆ-ಮೆ-ಮೆ..."

"ಮೆಲ್ಲಗೆ ಸಾರ್, ಮೆಲ್ಲಗೆ. ಮೊದಲು ನೀರು ಕುಡೀರಿ. ನಿಮ್ಮ ಮಗಳು ನಮಗೆಲ್ಲ ಒಪ್ಪಿಗೆ ಅಂತ ಹೇಳೋಕೇ ಫೋನ್ ಮಾಡಿದ್ದು. ಮಗಳನ್ನ ಕಳಿಸಿಕೊಡೋ ತಂದೆ ಸಂಕಟ ನನಗೆ ಗೊತ್ತಾಗಲ್ವಾ? ನಮ್ಮನೇಲಿ ಮಗಳ ಹಾಗೇ ಇರ್ತಾಳೆ. ಮದುವೆ ಸರಳವಾಗಿ ನಡೆದ್ರೆ ಸಾಕು, ನಮ್ಮ ಕಡೆಯಿಂದ ಯಾವ ಬೇಡಿಕೆಯೂ ಇಲ್ಲ." ಹೇಳುತ್ತಾ ಹೇಳುತ್ತಾ ಅವರೇ ಅತ್ತುಬಿಟ್ಟರಂತೆ.

ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಆದರೂ ನನ್ನ ಕೆಲಸ ನಾನು ಮಾಡಬೇಕಲ್ಲ. ಮುಲಾಮು ಗಿಲಾಮು ಅಂತ ಏನೂ ಕೊಡದೆ ಚರ್ಮದ ಡಾಕ್ಟರ ಹತ್ತಿರ ಕಳಿಸಿದೆ. ಬೆಲ್ಟು ಬಿಟ್ಟರೆ ತಾನಾಗಿ ವಾಸಿಯಾಗುತ್ತದೆ ಅಂತ ಅವರೂ ಅಂದರು, ಹಾಗೇ ಆಯಿತು. ಮದುವೆಯ ಫೋಟೋ ನನ್ನ ಹತ್ತಿರ ಈಗಲೂ ಇದೆ. ಧಾರೆ ಎರೆಯುವಾಗ ಅವರ ಗದ್ದ ಜೋತುಬಿದ್ದೇ ಇದೆ, ಒಂದು ಕಲೆ ಇಲ್ಲ. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುತ್ತೇನೆ.

ಆದರೆ ಅವತ್ತು ಜಗುಲಿಯಲ್ಲಿ ಅವರು ಸುಲಭಕ್ಕೆ ಒಪ್ಪಲಿಲ್ಲ. "ಇವತ್ತಿಂದಲೇ ಬೆಲ್ಟು ಬಿಟ್ಟುಬಿಡಿ ಸಾರ್" ಅಂದಾಗ, ಊದಿದ ದವಡೆ ಸವರಿಕೊಂಡರು.

"ಬಿಡ್ತೀನಿ ಮೇಡಂ. ಆದರೆ ಮದುವೆ ಅವರ ಊರಲ್ಲೋ ನಮ್ಮ ಊರಲ್ಲೋ ಅಂತ ಮಾತಾಡೋಕೆ ಭಾನುವಾರ ಬೀಗರು ಇನ್ನೊಂದು ಫೋನ್ ಮಾಡ್ತಾರೆ. ಅದೊಂದಕ್ಕೆ ಕಟ್ಕೊಂಡು ಬಿಡ್ತೀನಿ."