ಹಲಿನಾ ಒಯ್ದ ದೊಡ್ಡ ಪೆಟ್ಟಿಗೆ

ಹಲಿನಾ ಅಷ್ಟು ದೊಡ್ಡ ಪೆಟ್ಟಿಗೆ ಎಳೆದುಕೊಂಡು ಹೋಗದೇ ಇದ್ದಿದ್ದರೆ ಗೋಚಾ ಆ ಮಧ್ಯಾಹ್ನ ತನ್ನ ಪಾಡಿಗೆ ತಾನು ನಿದ್ದೆ ಮಾಡಿಕೊಂಡಿರುತ್ತಿದ್ದ. ಅವಳು ಹೋದದ್ದು ಪೋಲೆಂಡಿಗೆ, ತಂಗಿಯ ಮದುವೆಗೆ, ಐದೇ ದಿನಕ್ಕೆ. ಪೆಟ್ಟಿಗೆ ಮಾತ್ರ ಕೆಳಮನೆಯ ಕೊಸಿಮೊ ತಾತನದು. ಆತ ಪ್ರಾಯದಲ್ಲಿ ಸಂಸಾರ ಸಮೇತ ಜರ್ಮನಿಗೆ ದುಡಿಯಲು ಹೊರಟಾಗ ಕೊಂಡದ್ದು. ಒಳಗೆ ಒಂದು ಆಡನ್ನು ನಿಲ್ಲಿಸಬಹುದಿತ್ತು.

ಇಟಲಿಯ ಬಾರಿ ಎಂಬ ಊರಿನ ಹಳೇ ಪೇಟೆಯಲ್ಲಿ ಹೆಂಗಸರು ಬಾಗಿಲ ಮುಂದೆ ಹಲಗೆ ಹಾಕಿಕೊಂಡು ಕೂತು ಕಿವಿಯಾಕಾರದ ಪಾಸ್ತಾ ಒತ್ತುತ್ತಾರೆ. ಕೈ ಹಿಟ್ಟಿನ ಮೇಲೆ, ಕಣ್ಣು ಓಣಿಯ ಮೇಲೆ. ಪೆಟ್ಟಿಗೆ ಕಲ್ಲುಹಾಸಿನ ಮೇಲೆ ದಡದಡ ಉರುಳಿದ್ದನ್ನು ಅವರು ನೋಡಿದ್ದರು. ಮೇ ತಿಂಗಳ ಸೆಕೆಯಲ್ಲಿ ಹಲಿನಾಳ ತೋಳಿನ ಮೇಲೆ ಚಳಿಗಾಲದ ಕೋಟು ಇದ್ದದ್ದನ್ನೂ ನೋಡಿದ್ದರು. ಐದನೆಯ ದಿನಕ್ಕೆ ಓಣಿಯ ತೀರ್ಪು ಹೊರಬಿತ್ತು: ಹುಡುಗಿ ಗಂಡನನ್ನು ಬಿಟ್ಟು ಸ್ವದೇಶಕ್ಕೆ ಹೋದಳು.

ಗಂಡನಾದ ಗೋಚಾ ಜಾರ್ಜಿಯಾ ದೇಶದವನು. ರಾತ್ರಿಯೆಲ್ಲ ಬೇಕರಿಯಲ್ಲಿ ಹಿಟ್ಟು ನಾದಿ ಬಂದು ಮಲಗಿದ್ದವನನ್ನು ಎದುರುಮನೆಯ ವಿಧವೆ ನುಂಜಿಯಮ್ಮ ಬಾಗಿಲು ಬಡಿದು ಎಬ್ಬಿಸಿದಳು. ಅವಳ ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಸಾವಾದ ಮನೆಗೆ ನೆರೆಯವರು ಒಯ್ಯುವಂಥ ತಟ್ಟೆ.

"ತಿನ್ನು ಮಗಾ. ಗಂಡಸರು ಅಳಬಾರ್ದು ಅಂತಾರೆ. ನೀನು ಅಳು, ನಾನೇನೂ ಅಂದ್ಕೊಳಲ್ಲ."

"ಯಾಕಮ್ಮಾ ಅಳ್ಬೇಕು? ಯಾರು ಹೋದ್ರು?"

"ಇನ್ಯಾರು, ನಿನ್ನ ಹೆಂಡ್ತಿ!"

"ಅವಳು ಇವತ್ತೇ ಬರ್ತಾಳಲ್ಲ!"

ನುಂಜಿಯಮ್ಮ ಅವನ ಗಲ್ಲ ಸವರಿದಳು. "ನನ್ನ ತಂಗಿ ಗಂಡ ಸಿಗರೇಟು ತರ್ತೀನಿ ಅಂತ ಹೋದ. ಮೂರು ಜನ ಪೋಪ್ ಬದಲಾದ್ರು, ಅವನು ಬರ್ಲಿಲ್ಲ."

ಅಷ್ಟರಲ್ಲಿ ಕೊಸಿಮೊ ತಾತ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ. ಜರ್ಮನಿಯಿಂದ ಮರಳಿ ಕೋರ್ಟಿನ ಬಾಗಿಲು ಕಾದು ನಿವೃತ್ತನಾದ ಮನುಷ್ಯ. ಕಾನೂನನ್ನೆಲ್ಲ ಬಾಗಿಲ ಸಂದಿಯಿಂದ ಕೇಳಿಸಿಕೊಂಡು ಕಲಿತವನು. ಓಣಿಗೆ ಅವನೇ ವಕೀಲ.

"ನೋಡಯ್ಯಾ, ಈ ದೇಶದಲ್ಲಿ ಇರೋಕೆ ಕೊಟ್ಟ ನಿನ್ನ ಕಾರ್ಡು ಯಾವ ಲೆಕ್ಕದಲ್ಲಿ ಸಿಕ್ಕಿದ್ದು? ಯುರೋಪಿನವಳ ಗಂಡ ಅನ್ನೋ ಲೆಕ್ಕದಲ್ಲಿ. ನೀನಿಲ್ಲಿ ಇರೋದು ಅವಳ ಬಲದಿಂದ. ಅವಳೇ ಈ ದೇಶ ಬಿಟ್ಟು ಬೇರೆ ಕಡೆ ಮನೆ ಮಾಡಿದ್ಲು ಅಂದ್ಕೋ, ನಿನ್ನ ಕಾರ್ಡು ಹೋಯ್ತು. ಕಾರ್ಡು ಹೋದ್ಮೇಲೆ ಬೇಕರಿನೂ ಹೋಯ್ತು."

ಗೋಚಾ ನಕ್ಕು ಹೆಂಡತಿಗೆ ಫೋನ್ ಮಾಡಿದ. ಬಂದ್ ಆಗಿತ್ತು. ವಿಮಾನದಲ್ಲಿರಬೇಕು ಅಂದುಕೊಂಡು ಮತ್ತೆ ಮಾಡಿದ. ಆಗಲೂ ಬಂದ್. ನಗು ಅರ್ಧಕ್ಕೇ ನಿಂತಿತು. ತಂಗಿಯ ಮದುವೆಗೆ ಚಳಿಗಾಲದ ಕೋಟು ಯಾಕೆ? ಆ ಯೋಚನೆ ಒಮ್ಮೆ ತಲೆಗೆ ಹೊಕ್ಕಿದ್ದೇ ತಡ, ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಕಾರ್ಡು ಹೋದರೆ ಹೋಗಲಿ, ಹಲಿನಾ ಇಲ್ಲದ ಮನೆಯಲ್ಲಿ ತಾನು ಇದ್ದೇನು ಮಾಡುವುದು ಅನ್ನಿಸಿತು.

ಆಗಲೇ ಓಣಿಯಿಂದ ಕೂಗು ಕೇಳಿತು. "ಬಿಳಿ ಟೋಪಿ ಬಂತು! ಇದೇ ಮನೆ ನಂಬರು ಕೇಳ್ತಾ ಇದೆ!"

ಬಿಳಿ ಟೋಪಿ ಎಂದರೆ ನಗರಸಭೆಯ ಪೋಲೀಸು. ಗಂಡಹೆಂಡಿರು ಈ ಮನೆಗೆ ಬಂದು ತಿಂಗಳಾಗಿತ್ತಷ್ಟೆ. ಮನೆ ಬದಲಿಸಿದವರು ನಿಜವಾಗಿ ಅಲ್ಲಿ ವಾಸವಿದ್ದಾರೋ ಇಲ್ಲವೋ ಎಂದು ಹೇಳದೆ ಕೇಳದೆ ಬಂದು ನೋಡುವುದು ಅವನ ಕೆಲಸ.

"ಸತ್ತೆ!" ಎಂದ ಗೋಚಾ.

"ನಾವಿರೋವಾಗ ನೀನ್ಯಾಕೋ ಸಾಯ್ತೀಯ?" ಎಂದಳು ನುಂಜಿಯಮ್ಮ. ಕಿಟಕಿಯಿಂದ ಬಗ್ಗಿ, "ಕಾಫಿ ಕುಡಿಸ್ರೇ ಅವನಿಗೆ! ಎರಡು ಸಲ ಕುಡಿಸಿ!" ಎಂದು ಕೆಳಗಿನವರಿಗೆ ಅಪ್ಪಣೆ ಕೊಟ್ಟಳು.

ಆಮೇಲೆ ನಡೆದದ್ದು ದಂಡಯಾತ್ರೆ. ಹಲಿನಾ ಮನೆಯಲ್ಲೇ ಇದ್ದಾಳೆಂದು ತೋರಿಸಲು ಓಣಿಯ ಹೆಂಗಸರು ಹಿಟ್ಟಿನ ಕೈಯಲ್ಲೇ ತಮ್ಮ ತಮ್ಮ ಲಂಗ, ಚಪ್ಪಲಿ, ಬಾಚಣಿಗೆ, ತುಟಿಬಣ್ಣ ಹೊತ್ತು ತಂದರು. ಬಾಲ್ಕನಿಯ ಹಗ್ಗದ ತುಂಬ ಹೆಣ್ಣುಬಟ್ಟೆ ನೇತಾಡಿತು. ಇಷ್ಟಕ್ಕೆಲ್ಲ ಜಾಗ ಬೇಡವೇ? ಗೋಚಾನ ಅಂಗಿ, ಬೂಟು, ಗಡ್ಡದ ಬ್ಲೇಡು ಎಲ್ಲವನ್ನೂ ಒಂದು ದುಪ್ಪಟಿಯಲ್ಲಿ ಗಂಟು ಕಟ್ಟಿ ನುಂಜಿಯಮ್ಮನ ಮನೆಗೆ ಸಾಗಿಸಿದರು. ಕೊಸಿಮೊ ತಾತ ಕೆಳಗೆ ಹೋಗಿ ಕರೆಗಂಟೆಯ ಪಕ್ಕ 'ಹಲಿನಾ' ಎಂದು ದಪ್ಪಕ್ಷರದ ಚೀಟಿ ಅಂಟಿಸಿದ. ಅದರಡಿ ಗೋಚಾನ ಹೆಸರು ಮುಚ್ಚಿಹೋಯಿತು. ಮದುವೆಯ ಫೋಟೋವನ್ನೂ ತೆಗೆದರು. ಯಾಕೆಂದರೆ ಹಲಿನಾಳ ಪಾತ್ರ ವಹಿಸಲು ಹಾಸಿಗೆ ಏರಿದ್ದ ನುಂಜಿಯಮ್ಮನಿಗೂ ಆ ಫೋಟೋಗೂ ಯಾವ ಕೋನದಿಂದ ನೋಡಿದರೂ ತಾಳೆಯಾಗುತ್ತಿರಲಿಲ್ಲ.

"ನಾನೆಲ್ಲಿ ನಿಂತ್ಕೊಳ್ಲಿ?" ಎಂದ ಗೋಚಾ.

"ನೀನಾ? ಈ ಮುಖ ನೋಡಿದ್ರೆ ಸಾಕು, ಎಲ್ಲಾ ಗೊತ್ತಾಗುತ್ತೆ," ಎಂದು ತಾತ ಅವನನ್ನೂ ಎದುರುಮನೆಗೆ ತಳ್ಳಿ ಬಾಗಿಲು ಎಳೆದ.

ಗೋಚಾ ಗಂಟಿನ ಪಕ್ಕದಲ್ಲಿ ಕೂತು ಕಿವಿಗೊಟ್ಟ. ಬೂಟಿನ ಸದ್ದು ಮೇಲೆ ಬಂತು.

"ನಮಸ್ಕಾರ. ಇವರು?" ಎಂದಿತು ಒಂದು ಗಂಡುದನಿ.

"ಹಲಿನಾ. ಪಾಪ, ತಲೆನೋವು," ಎಂದ ತಾತ.

"ಹೌದಾ. ಇವರ ಯಜಮಾನ್ರು ಎಲ್ಲಿ?"

ಹೆಂಡತಿಯ ಬಗ್ಗೆ ಏನು ಕೇಳಿದರೂ ಉತ್ತರ ತಯಾರಿತ್ತು, ಗಂಡನನ್ನು ಕೇಳುತ್ತಾರೆಂದು ಯಾರಿಗೂ ಹೊಳೆದಿರಲಿಲ್ಲ. ಪೋಲೀಸು ಬೀರು ತೆಗೆದ ಸದ್ದಾಯಿತು. ಬಚ್ಚಲಿನ ಬಾಗಿಲು ಕಿರುಗುಟ್ಟಿತು.

"ಐದು ಅಳತೆಯ ಲಂಗ ಇದೆ. ಗಂಡಸಿನ ಒಂದು ಕಾಲ್ಚೀಲನೂ ಇಲ್ಲ. ಗಂಟೆ ಹತ್ರ ಗಂಡನ ಹೆಸರೂ ಇಲ್ಲ. ಹಲಿನಾ ಅವರನ್ನ ಹೋದ ವಾರವೇ ಬಂದು ನೋಡಿದೀನಮ್ಮಾ. ಒಂದು ವಾರದಲ್ಲಿ ನಿಮಗೆ ಇಷ್ಟೊಂದು ವಯಸ್ಸಾಗಿದ್ದು ನೋಡಿ ಬೇಜಾರಾಗ್ತಿದೆ. ನಾನೀಗ ನೋಡಬೇಕಿದ್ದಿದ್ದು ಗಂಡನ್ನ. ಗಂಡ ಇಲ್ಲಿ ವಾಸವಿಲ್ಲ ಅಂತ ಬರ್ಕೊಳ್ತೀನಿ."

ಗೋಚಾ ಗಂಟನ್ನು ಎದೆಗವಚಿಕೊಂಡು ಒಂದೇ ನೆಗೆತಕ್ಕೆ ಇತ್ತ ಬಂದ. "ಸ್ವಾಮಿ! ನಾನೇ ಗಂಡ!"

"ಇವರ ಗಂಡನಾ?" ಪೋಲೀಸು ಹಾಸಿಗೆಯ ಕಡೆ ಕೈತೋರಿಸಿದ.

"ಹೌದು! ಅಯ್ಯೋ, ಅಲ್ಲ!"

"ಮತ್ತೆ ಬಟ್ಟೆಬರೆ ಸಮೇತ ಎದುರುಮನೆಯಿಂದ ಯಾಕೆ ಬರ್ತಿದೀರಿ?"

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡ್, ದಡ್ ಎಂದು ಪರಿಚಿತ ಸದ್ದು ಕೇಳಿಸಿತು. ಹಲಿನಾ ಬಂದು ಬಾಗಿಲಲ್ಲಿ ನಿಂತಳು. ತನ್ನ ಹಾಸಿಗೆಯಲ್ಲಿ ನುಂಜಿಯಮ್ಮನನ್ನೂ, ಗಂಟು ಹಿಡಿದು ನಿಂತಿದ್ದ ಗಂಡನನ್ನೂ, ಬಿಳಿ ಟೋಪಿಯನ್ನೂ ನೋಡಿ, "ಏನ್ರೀ ಇದು?" ಎಂದಳು. ಗೋಚಾ ಅವಳ ಕೈಹಿಡಿದುಕೊಂಡು ಎಲ್ಲರ ಎದುರಿಗೇ ಅತ್ತುಬಿಟ್ಟ.

ಎಲ್ಲರೂ ಒಟ್ಟಿಗೇ ಕತೆ ಹೇಳಿದ್ದರಿಂದ ಪೋಲೀಸನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಟೋಪಿ ತೆಗೆದು ಹೊಟ್ಟೆ ಹಿಡಿದುಕೊಂಡು ನಕ್ಕ. "ಮದುವೆಗೆ ಹೋಗಿ ಬಂದ್ರೆ ಯಾವ ಹಕ್ಕೂ ಹೋಗಲ್ಲ ಕಣ್ರೀ. ಊರೇ ಬಿಟ್ಟು ಬೇರೆ ದೇಶದಲ್ಲಿ ಮನೆ ಮಾಡಿದ್ರೆ ಆ ಮಾತು ಬೇರೆ. ಇಬ್ಬರೂ ಇದೀರಿ, ನೋಡ್ದೆ, ಮುಗೀತು."

"ನಾನೂ ಅದನ್ನೇ ಹೇಳಿದ್ದು," ಎಂದ ಕೊಸಿಮೊ ತಾತ.

"ಅವರು ಹೋದ ವಾರ ಬಂದಿದ್ದನ್ನ ನಿಂಗೆ ಹೇಳಿದ್ನಲ್ಲ," ಎಂದಳು ಹಲಿನಾ ಗಂಡನಿಗೆ. "ನೀನೇ ನಿದ್ದೆಗಣ್ಣಲ್ಲಿ ಹೂಂ ಅಂದೆ."

ಗೋಚಾನ ಎದೆಯ ಮೇಲಿನ ಬಂಡೆ ಇಳಿಯಿತು. ವೈನ್ ಬಂತು, ನುಂಜಿಯಮ್ಮನ ತಟ್ಟೆ ಸಾವಿನೂಟ ಹೋಗಿ ಹಬ್ಬದೂಟವಾಯಿತು. ಆಗ ಅವನಿಗೆ ನೆನಪಾಯಿತು. "ಮತ್ತೆ ಆ ಕೋಟು?"

"ತಂಗಿಗೆ ಕೊಟ್ಟುಬಿಟ್ಟೆ. ಬೀರುವಲ್ಲಿ ಜಾಗ ಆಗಬೇಕಿತ್ತಲ್ಲ." ಹಲಿನಾ ಗಂಡನ ಪಕ್ಕ ಕೂತಳು. "ಓಣಿಯವರದ್ದೂ ಪೂರ್ತಿ ಸುಳ್ಳಲ್ಲ ಬಿಡು. ಅಮ್ಮ ನಂಗೆ ಅಲ್ಲೇ ಕೆಲಸ ಹುಡುಕಿಟ್ಟು, ವಾಪಸ್ ಬಂದ್ಬಿಡು ಅಂತ ಹಠ ಹಿಡಿದಿದ್ಲು. ನಾನು ಬಂದ್ರೆ ಗೋಚಾನ ಕಾರ್ಡು ಹೋಗುತ್ತೆ, ಸಾಧ್ಯವೇ ಇಲ್ಲ ಅಂದೆ."

ಗೋಚಾನ ಕಣ್ಣು ಮತ್ತೆ ತುಂಬಿತು. "ಅಂದ್ಯಾ?"

"ಅಂದೆ. ಅದಕ್ಕೆ ಅಮ್ಮ, ನೀನು ಬರಲ್ಲ ಅಂದ್ರೆ ನಾನೇ ಬರ್ತೀನಿ ಅಂದ್ಲು. ಹಾಗೇ ಅಂತಾಳೆ ಅಂತ ಗೊತ್ತಿತ್ತು, ಅದಕ್ಕೇ ಅವಳ ಸಾಮಾನಿಗೆ ಅಂತ ದೊಡ್ಡ ಪೆಟ್ಟಿಗೆ ಒಯ್ದಿದ್ದು. ಕೆಳಗೆ ಟ್ಯಾಕ್ಸಿಯವನ ಜೊತೆ ಜಗಳ ಆಡ್ತಿದಾಳೆ, ಬರ್ತಾಳೆ."

ಬಂದಳು. ಟ್ರಾಮ್ ಓಡಿಸಿ ನಿವೃತ್ತಳಾದ ಬ್ರೊನಿಸ್ಲಾವಾ ಎರಡು ಕೈಯಲ್ಲಿ ಎರಡು ಚೀಲ ಹಿಡಿದು, ದಾರಿಗೆ ಅಡ್ಡವಿದ್ದವರನ್ನೆಲ್ಲ ಕಣ್ಣಿನಲ್ಲೇ ಸರಿಸುತ್ತಾ ಒಳಗೆ ಬಂದಳು.

ಗೋಚಾ ಪೋಲೀಸನ ತೋಳು ಹಿಡಿದು ಪಿಸುಗುಟ್ಟಿದ. "ಸ್ವಾಮಿ, ಇವರಿಗೂ ಕಾರ್ಡು ಬೇಕಾಗುತ್ತಲ್ಲ? ಅದು ಸಿಗೋದು ಕಷ್ಟ ಅಲ್ವಾ?"

"ಅವರು ಯುರೋಪಿನವರಲ್ವೇನ್ರೀ? ಹೆಸರು ಬರೆಸಿದ್ರೆ ಸಾಕು. ಯಾರ ಹಂಗೂ ಇಲ್ಲ, ಎಷ್ಟು ವರ್ಷ ಬೇಕಾದ್ರೂ ಇರಬಹುದು," ಎಂದು ಅವನು ಟೋಪಿ ಹಾಕಿಕೊಂಡ.

ಅತ್ತೆ ಆಗಲೇ ಬೀರು ತೆಗೆದಿದ್ದಳು. ನೆರೆಯವರು ತಮ್ಮ ತಮ್ಮ ಲಂಗ ಎತ್ತಿಕೊಂಡು ಹೋದ ಮೇಲೆ ಅರ್ಧ ಬೀರು ಖಾಲಿಯಾಗಿತ್ತು. ಅವಳು ಪೋಲಿಷ್‌ನಲ್ಲಿ ಏನೋ ಹೇಳಿ, ಮೊದಲ ಬಾರಿಗೆ ಅಳಿಯನನ್ನು ನೋಡಿ ನಕ್ಕಳು.

"ಏನಂತೆ?" ಎಂದ ಗೋಚಾ.

"ನಿನ್ನನ್ನ ಇಷ್ಟು ದಿನ ತಪ್ಪು ತಿಳ್ಕೊಂಡಿದ್ಲಂತೆ," ಎಂದಳು ಹಲಿನಾ ಖುಷಿಯಿಂದ. "ನಾನು ಬರೋ ಮೊದಲೇ ತನ್ನ ಬಟ್ಟೆ ಎಲ್ಲಾ ತೆಗೆದು ಜಾಗ ಮಾಡಿಟ್ಟಿದಾನೆ, ಎಂಥ ಒಳ್ಳೇ ಅಳಿಯ ಅಂತಾಳೆ."

ಗೋಚಾ ಕೈಯಲ್ಲಿದ್ದ ಗಂಟನ್ನು ಒಮ್ಮೆ ನೋಡಿಕೊಂಡ. ಆಮೇಲೆ ನುಂಜಿಯಮ್ಮನ ಕಡೆ ತಿರುಗಿದ.

"ಅಮ್ಮಾ, ನಿಮ್ಮನೆಗೆ ಬೀಗ ಹಾಕಿಲ್ಲ ತಾನೇ?"