ದೇವರಕಾಡಿಗೆ ಗಾಡಿದಾರಿ

ವಾದದಲ್ಲಿ ಗೆಲ್ಲುವುದೂ ಒಂದು ಚಟವೇ. ಎಲೆ ಅಡಿಕೆಯ ಚಟಕ್ಕೆ ಸುಣ್ಣವಾದರೂ ಬೇಕು. ಇದಕ್ಕೆ ಎದುರಿಗೊಬ್ಬ ಮನುಷ್ಯ ಇದ್ದರೆ ಸಾಕು. ಮಡಿಕೇರಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ ನನಗೆ ಬಂದದ್ದು ಈ ಚಟದಿಂದಲೇ. ಪರವೋ ವಿರೋಧವೋ, ಚೀಟಿ ಎತ್ತಿದ ಮೇಲೆ ತಾನೇ ನನ್ನ ಅಭಿಪ್ರಾಯ ನನಗೆ ಗೊತ್ತಾಗುತ್ತಿದ್ದದ್ದು!

ಪರೀಕ್ಷೆ ಪಾಸಾಗಿ ಗಾಳಿಬೀಡಿನ ಮನೆಗೆ ಬಂದರೆ ಅಲ್ಲಿ ಅಜ್ಜಿಯ ಹರಕೆ ಕಾದಿತ್ತು. ನಾನು ಪಾಸಾದರೆ ದೇವರಕಾಡಿನ ಬೇಟೆದೇವರು ಅಯ್ಯಪ್ಪನಿಗೆ ಮಣ್ಣಿನ ನಾಯಿ ಒಪ್ಪಿಸುತ್ತೇನೆಂದು ಹೇಳಿಕೊಂಡಿದ್ದಳಂತೆ. ಓದಿದವನು ನಾನು, ನಾಯಿ ಯಾಕೆ ಎಂದು ಕೇಳಿದೆ. "ನೀನು ಓದುವ ಚಂದ ನೋಡಿಯೇ ಹರಕೆ ಹೊತ್ತದ್ದು ಮಾರಾಯ" ಎಂದಳು. ನಾಯಿಯನ್ನು ಅವಳೇ ಕೈಯಾರೆ ಇಡಬೇಕು; ಮಂಡಿಗಳೋ ಮುಷ್ಕರ ಹೂಡಿವೆ. ದಾರಿಯಲ್ಲಿ ಮೊದಲು ಜೌಗು, ಆಮೇಲೆ ಬೇರು ಹೆಣೆದ ಕಾಡು. ಚಿಕ್ಕಪ್ಪ ಉಪಾಯ ತೆಗೆದರು: ಜೌಗಿಗೆ ಹಲಗೆ ಹಾಸುವುದು, ಕಾಡಿನಲ್ಲಿ ಅಡ್ಡಬಂದ ಬೇರು ಕಡಿದು ನೆಲ ಸಮಮಾಡುವುದು, ಎಸ್ಟೇಟಿನ ಕೈಗಾಡಿಯಲ್ಲಿ ಅಜ್ಜಿಯನ್ನು ಕೂರಿಸಿ ತಳ್ಳುವುದು. "ಕೊಡಗೇ ಹೋಗಿ ಮೈಸೂರು ಸೇರಿತು, ಒಂದು ಗಾಡಿ ಹೋಗಿ ಕಾಡು ಸೇರಬಾರದಾ?" ಎಂದರು. ಜಗಲಿಯಲ್ಲಿ ಕೂತ ಊರಿನ ಹಿರಿಯರೆಲ್ಲ ತಲೆಯಾಡಿಸಿದರು.

ಎಲ್ಲರೂ ಒಪ್ಪಿದ್ದನ್ನೇ ನನ್ನಿಂದ ಸಹಿಸಲಾಗಲಿಲ್ಲ. ದೇವರನ್ನು ನಂಬದ ನಾನು ಎದ್ದು ನಿಂತು ದೇವರ ಪರ ಮಾತಾಡಿದೆ. ದೇವರಕಾಡಿನಲ್ಲಿ ಕಡ್ಡಿ ಮುರಿಯಬಾರದೆಂಬ ಕಟ್ಟಳೆ ಇರುವಾಗ ಬೇರು ಕಡಿಯಬಹುದೇ? ಇಂದು ಅಜ್ಜಿಯ ಗಾಡಿ, ನಾಳೆ ಮರದ ವ್ಯಾಪಾರಿಯ ಲಾರಿ! ಹಿರಿಯರಲ್ಲೊಬ್ಬರು ಕಣ್ಣೊರಸಿಕೊಂಡರು. ದಾರಿ ಬೇಡವೆಂದು ತೀರ್ಮಾನವಾಯಿತು. ಆಗ ಒಳಗಿಂದ ಅಜ್ಜಿಯ ದನಿ: "ಹಾಗಾದರೆ ನಾನು ಹೋಗುವುದು ಹೇಗೆ?" ಉತ್ತರ ಕೊಟ್ಟದ್ದು ಚಿಕ್ಕಪ್ಪ. "ಹೊತ್ತುಕೊಂಡು ಹೋದರೆ ಬೇರಿಗೆ ಎಂಥದೂ ಆಗುವುದಿಲ್ಲ, ಅಲ್ವಾ ಪಂಡಿತರೇ?"

ಮರುದಿನ ನಾಯಿ ಅಜ್ಜಿಯ ಕೈಯಲ್ಲಿ, ಅಜ್ಜಿ ನನ್ನ ಬೆನ್ನಿನಲ್ಲಿ, ನಾನು ಮೊಣಕಾಲುದ್ದ ಜೌಗಿನಲ್ಲಿ. ಜಿಗಣೆಗಳು ಪರ ವಿರೋಧ ನೋಡದೆ ಎರಡೂ ಕಾಲಿಗೆ ಹತ್ತಿದವು. ಅಜ್ಜಿಗೆ ಖುಷಿಯೋ ಖುಷಿ. "ಅಗೋ ಕೊಕ್ಕರೆ! ನಿಲ್ಲು, ಸರಿಯಾಗಿ ನೋಡ್ತೇನೆ." ನಿಂತೆ, ನಿಂತಷ್ಟೂ ಹೂತೆ. ಕಾಡಿನೊಳಗೆ ನಾಯಿ ಇಟ್ಟು ಕೈಮುಗಿದವಳು ಬಹಳ ಹೊತ್ತು ಪಿಸುಗುಟ್ಟಿದಳು. ಏನೆಂದು ಕೇಳಿದೆ. "ಮುಂದಿನ ಪರೀಕ್ಷೆಗೂ ಹೇಳಿಕೊಂಡೆ. ಆಗಲೂ ನಾನೇ ಬಂದು ಇಡ್ತೇನೆ. ಎರಡು ನಾಯಿ."

ಅಂದು ಸಂಜೆಯೇ ನಾನು ಗಾಡಿದಾರಿಯ ಪರ ಎದ್ದು ನಿಂತೆ. ಬೇರು ಕಡಿಯುವುದು ಬೇಡ, ಮೇಲೆ ಮಣ್ಣು ತುಂಬಿದರಾಯಿತು ಎಂದೆ. ಕಣ್ಣೊರಸಿಕೊಂಡಿದ್ದ ಹಿರಿಯರು ನನ್ನ ಬೆನ್ನು ತಟ್ಟಿದರು, ಸರಿಯಾಗಿ ನೋಯುವ ಜಾಗದಲ್ಲೇ. "ಇಲ್ಲಪ್ಪ, ನಿನ್ನೆ ನೀನು ಹೇಳಿದ್ದೇ ಸರಿ." ಇನ್ನು ಉಳಿದದ್ದು ಒಂದೇ ದಾರಿ, ಫೇಲಾಗುವುದು. ನಾನು ಹರಕೆ ಗಿರಕೆ ನಂಬುವವನಲ್ಲ. ಆದರೂ ಅಯ್ಯಪ್ಪ ಅವಳ ಮಾತು ಕೇಳಿಬಿಟ್ಟರೆ ಎಂದು ಈಗಿನಿಂದಲೇ ಬೆನ್ನು ನೋಯುತ್ತಿದೆ.