ಉಪಗ್ರಹ ನಮ್ಮ ತಾರಸಿಗೇ ಬಿತ್ತೆಂದು ಒಪ್ಪಿಕೊಳ್ಳಿ

ಗುಟ್ಟುಗಳ ಗಣಿಯೂ, ಮೌನದ ಮಹಾಸಾಗರವೂ, ಮೈಕಿನ ಮುಂದೆ ನಿಂತು ಏನನ್ನೂ ಹೇಳದಿರುವ ಕಲೆಯಲ್ಲಿ ಅದ್ವಿತೀಯರೂ ಆದ ಉಡಾವಣಾ ಕಚೇರಿಯ ವಕ್ತಾರ ಮಹಾಶಯರ ಘನ ಸನ್ನಿಧಾನಕ್ಕೆ, ಟೈಲರ್ ಮನೆಯ ತಾರಸಿಯಿಂದ ಶಿರಬಾಗಿ ವಂದನೆಗಳು.

ಮಾನ್ಯರೇ, ಕಳೆದ ಸೋಮವಾರ ತಾವು ಹಾರಿಸಿದ, ಕೆಲಸವೇನೆಂದು ಯಾರಿಗೂ ಗೊತ್ತಿಲ್ಲದ ಆ ರಹಸ್ಯ ಉಪಗ್ರಹ ಮೇಲೆ ತಲುಪಿತೋ ಕೆಳಗೆ ಬಿತ್ತೋ ಎಂದು ಪತ್ರಿಕೆಯವರು ಕೇಳಿದಾಗ ತಾವು "ಈ ವಿಷಯದಲ್ಲಿ ಹೇಳಲು ಏನೂ ಇಲ್ಲ" ಎಂದಿರಿ. ಇಷ್ಟು ಚಿಕ್ಕ ಮಾತಿನಲ್ಲಿ ಇಷ್ಟು ದೊಡ್ಡ ಜಾಗ ಖಾಲಿ ಬಿಟ್ಟವರನ್ನು ನಾನು ಕಂಡಿಲ್ಲ; ಆ ಜಾಗದಲ್ಲಿ ನಮ್ಮ ಬೀದಿಯವರೆಲ್ಲ ಮನೆ ಕಟ್ಟಿಕೊಂಡಿದ್ದಾರೆ. ಕ್ಷೌರದಂಗಡಿಯವರ ಪ್ರಕಾರ ಅದು ಸಮುದ್ರದಲ್ಲಿದೆ. ಔಷಧದಂಗಡಿಯವರ ಪ್ರಕಾರ ಮೇಲೆಯೇ ಇದ್ದುಕೊಂಡು ಬಿದ್ದ ಹಾಗೆ ನಟಿಸುತ್ತಿದೆ.

ನನ್ನ ಚಿಕ್ಕಪ್ಪನವರ ಪ್ರಕಾರ ಮಾತ್ರ ಅದು ನಮ್ಮ ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಇದೆ. ಮಂಗಳವಾರ ಬೆಳಿಗ್ಗೆ ಟ್ಯಾಂಕು ನೋಡಲು ಹತ್ತಿದವರು, ಮೈತುಂಬ ತೂತುಗಳಿರುವ, ಫಳಫಳ ಹೊಳೆಯುವ ಉಕ್ಕಿನ ಉರುಳೆಯೊಂದನ್ನು ಕಂಡು "ಲೋ, ಕೆಳಗೆ ಬಂದ್ಬಿಟ್ಟಿದೆ ಕಣೋ!" ಎಂದು ಕೂಗಿದರು. ಮೂವತ್ತು ವರ್ಷದ ಟೈಲರ್ ಕೈ, ಸುಮ್ಮನಿದ್ದೀತೆ? ಟೇಪು ಹಿಡಿದು ಅದರ ಎದೆ, ಸೊಂಟ, ಎತ್ತರ ಅಳೆದು, "ಸರ್ಕಾರದ ವಸ್ತು, ಧೂಳು ಹಿಡೀಬಾರ್ದು" ಎಂದು ಕೋಟಿನ ಬಟ್ಟೆಯಲ್ಲಿ ಲೈನಿಂಗ್ ಸಹಿತ ನಾಲ್ಕು ಗುಂಡಿಯ ಗವಸು ಹೊಲಿದಿದ್ದಾರೆ. ಉಪಗ್ರಹ ಮುಂದೆ ದಪ್ಪಗಾದರೆ ಬಿಚ್ಚಿಕೊಳ್ಳಲಿ ಎಂದು ಒಳಗೆ ಒಂದಂಗುಲ ಬಟ್ಟೆ ಮಡಚಿ ಬಿಟ್ಟಿದ್ದಾರೆ.

ರೆಡಿಮೇಡ್ ಅಂಗಡಿ ಬಂದಮೇಲೆ ಯಾರೂ ತಿರುಗಿ ನೋಡದಿದ್ದ ಈ ಮನುಷ್ಯನನ್ನು ಈಗ ಬೀದಿಯೆಲ್ಲ "ಏನ್ ಸಾರ್, ನಿಮ್ಮ ಉಪಗ್ರಹ ಹೇಗಿದೆ?" ಎಂದು ವಿಚಾರಿಸುತ್ತದೆ. ಹೊಲಿಗೆ ಯಂತ್ರದ ಮೇಲೆ ಬಾಗಿಯೇ ಹೋಗಿದ್ದ ಬೆನ್ನು ನೆಟ್ಟಗಾಗಿದೆ. ನಾಳೆ ತಾವು ಬಾಯಿತಪ್ಪಿ "ಕಕ್ಷೆಯಲ್ಲಿ ಕ್ಷೇಮ" ಎಂದುಬಿಟ್ಟರೆ ಅದೇ ಬೀದಿ ಅವರನ್ನು ಜೀವಮಾನವಿಡೀ ಆಡಿಕೊಳ್ಳುತ್ತದೆ.

ಆದ್ದರಿಂದ ಅದು ಟ್ಯಾಂಕಿನ ಹಿಂದೆಯೇ ಬಿತ್ತೆಂದು ಒಂದು ಪ್ರಕಟಣೆ ಹೊರಡಿಸಬೇಕಾಗಿ ವಿನಂತಿ. ಆಗದಿದ್ದರೆ ನಿಜವಾದದ್ದನ್ನೇ ಮೆಲ್ಲಗೆ ಅಲ್ಲಿಗೆ ಇಳಿಸಿಬಿಡಿ, ಗವಸು ಸಿದ್ಧವಿದೆ. ಅದೂ ಆಗದಿದ್ದರೆ, ಅಭ್ಯಾಸವಿದ್ದಂತೆ ಬಾಯಿ ಮುಚ್ಚಿಕೊಂಡೇ ಇರಿ.

ಉತ್ತರ ಬಾರದೆಂಬ ಪೂರ್ಣ ಭರವಸೆಯೊಂದಿಗೆ,
ತಮ್ಮ ವಿಶ್ವಾಸಿ,
ಟೈಲರ್ ಮನೆಯ ತರಲೆ

ಮರೆತ ಮಾತು: ವಾಷಿಂಗ್ ಮೆಷಿನನ್ನು ನಾನೇ ರಿಪೇರಿ ಮಾಡುತ್ತೇನೆಂದು ಬಿಚ್ಚಿ, ಮತ್ತೆ ಜೋಡಿಸಲು ಬಾರದೆ, ಅದರ ಡ್ರಮ್ಮನ್ನು ಟ್ಯಾಂಕಿನ ಹಿಂದೆ ಬಚ್ಚಿಟ್ಟವನು ನಾನು. ಮಂಡಿನೋವಿನಿಂದ ಎಂದೂ ಮೆಟ್ಟಿಲು ಹತ್ತದ ಚಿಕ್ಕಮ್ಮ ಈಗಷ್ಟೇ "ಡ್ರಮ್ ಎಲ್ಲೋ?" ಎಂದು ಕೇಳಿದರು. ತಮ್ಮ ಉತ್ತರವನ್ನೇ ಅಕ್ಷರಶಃ ಕೊಟ್ಟೆ. ದೇಶಕ್ಕೆಲ್ಲ ಸಾಕಾದ ಆ ಉತ್ತರ ಅವರಿಗೆ ಸಾಲಲಿಲ್ಲ, ಮೆಟ್ಟಿಲು ಹತ್ತುತ್ತಿದ್ದಾರೆ.